ಡೊಂಬಿವಲಿಯಲ್ಲಿ ಬಾಣಂತಿ, ಠಾಣೆಯಲ್ಲಿ ಮಗು

ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಎ ವಿಂಗ್, ಬಿ ವಿಂಗ್ ಎರಡೂ ಸೇರಿ ಹನ್ನೊಂದು ಬಾಣಂತನ ನನ್ನ ಕೈಯಲ್ಲಿ ಆಗಿದೆ. ಜಂಬಕ್ಕೆ ಹೇಳುತ್ತಿಲ್ಲ. ಅಲ್ಲ, ಸ್ವಲ್ಪ ಜಂಬಕ್ಕೇ ಹೇಳುತ್ತಿದ್ದೇನೆ. ಮರಾಠಿಯವರು, ಗುಜರಾತಿಯವರು, ನಮ್ಮ ಊರಿನವರು, ಯಾರ ಮನೆಯಲ್ಲಿ ಮಗು ಹುಟ್ಟಿದರೂ "ಕಾಕೂನಾ ಬೋಲಾವಾ" ಎಂದು ನನ್ನನ್ನೇ ಕರೆಯುತ್ತಿದ್ದರು. ಬಾತ್‌ರೂಮಿನಲ್ಲಿ ಮಣೆ ಹಾಕಿ, ಕಾಲು ನೀಡಿ ಕೂತು, ಮಗುವನ್ನು ನೀಡಿದ ಕಾಲ ಮೇಲೆ ಕವುಚಿ ಮಲಗಿಸಿ, ತೆಂಗಿನೆಣ್ಣೆ ತಿಕ್ಕಿ ಬಿಸಿನೀರು ಹೊಯ್ದೆನೆಂದರೆ ಎಂಥ ಹಠಮಾರಿಯೂ ಮೂರು ಗಂಟೆ ನಿದ್ದೆ ಹೊಡೆಯಬೇಕು. ಕಾಲೇಜಿಗೆ ಹೋಗುವ ಹುಡುಗಿಯರು ಈಗಲೂ ಲಿಫ್ಟಿನಲ್ಲಿ ಸಿಕ್ಕಿದರೆ ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ, ಇವಳನ್ನು ಮೀಯಿಸಿದ್ದೇನೆ, ಇವಳ ತಮ್ಮನನ್ನೂ ಮೀಯಿಸಿದ್ದೇನೆ ಎಂದು.

ಹಾಗಾಗಿ ಸೊಸೆಗೆ ದಿನ ನಿಂತಾಗ ನನ್ನ ಸಂಭ್ರಮ ಹೇಳತೀರದು. ಅವಳು ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಅವಳ ಅಪ್ಪ ಅಮ್ಮ ಕುಂದಾಪುರದ ಕಡೆಯವರು, ನಮ್ಮದು ತುಳು ಮಾತಾಡುವ ಮನೆ. ಹಾಗಾಗಿ ಅವಳು ಬಂದ ಮೇಲೆ ನಮ್ಮ ಮನೆಯಲ್ಲಿ ಕನ್ನಡ ನಡೆಯತೊಡಗಿತು. ಅದೂ ಎಂಥ ಕನ್ನಡ! ನಾನು ಕನ್ನಡದಲ್ಲಿ ಕೇಳಿದರೆ ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಉತ್ತರ ಬರುತ್ತದೆ, ನಡುವೆ ಒಂದು "ಅತ್ತೆ" ಮಾತ್ರ ಶುದ್ಧ. ಅವಳು ಹನ್ನೆರಡನೇ ಕ್ಲಾಸಿನಲ್ಲಿರುವಾಗಲೇ ತಾಯಿ ತೀರಿಹೋಗಿದ್ದರು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು ಎನ್ನುವುದು ನಮ್ಮ ಕ್ರಮ, ಆದರೆ ತವರಿನಲ್ಲಿ ಮಾಡುವವರು ಯಾರು? "ನಿನ್ನ ಬಾಣಂತನ ನನ್ನದು ಮಗಾ, ತಾಯಿ ಇಲ್ಲ ಅಂತ ಒಂದು ದಿನವೂ ಅನ್ನಿಸಬಾರದು" ಎಂದು ನಾನು ಮೂರನೇ ತಿಂಗಳಿನಲ್ಲೇ ಮಾತು ಕೊಟ್ಟುಬಿಟ್ಟಿದ್ದೆ.

ಏಳು ತಿಂಗಳು ತುಂಬುವ ಹೊತ್ತಿಗೆ ಅವಳ ಮುಖ, ಪಾದ ಎಲ್ಲ ಬಾತುಕೊಂಡವು. ಬಿಪಿ ನೋಡಿದ ಇಲ್ಲಿಯ ಡಾಕ್ಟರ್ ಕೂರಲಿಕ್ಕೂ ಹೇಳಲಿಲ್ಲ, ನೇರ ಠಾಣೆ ಶಹರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅದೇ ಸಂಜೆ ಆಪರೇಷನ್. ಹೆಣ್ಣು ಮಗು. ಒಂದು ಕಿಲೋ ನೂರು ಗ್ರಾಂ. ನಾನು ಡಾಕ್ಟರರಿಗೆ "ಮತ್ತೊಮ್ಮೆ ಹೇಳಿ" ಎಂದೆ. ನಾವು ಮನೆಗೆ ತರುವ ಸಕ್ಕರೆ ಪ್ಯಾಕೆಟ್ಟೂ ಹೆಚ್ಚುಕಮ್ಮಿ ಅಷ್ಟೇ ಭಾರ ಇರುತ್ತದಲ್ಲ! ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಗೆ ಹಾಕಿ ಮೇಲಿನ ಮಹಡಿಗೆ ಕೊಂಡುಹೋದರು, ತಾಯಿಯನ್ನು ಕೆಳಗಿನ ಐಸಿಯುಗೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಐದನೇ ದಿನ, ಅದೂ ವೀಲ್‌ಚೇರಿನಲ್ಲಿ ಕೂತು ಗಾಜಿನ ಈಚೆಯಿಂದ, ಎರಡು ನಿಮಿಷ.

ಆರನೇ ದಿನ ಸೊಸೆಗೆ ಡಿಸ್ಚಾರ್ಜ್ ಆಯಿತು. ಮಗು ಅಲ್ಲೇ. "ಇನ್ನೂ ಒಂದೂವರೆ ತಿಂಗಳು ಇರಬೇಕಾದೀತು, ತಾಯಿ ದಿನಾ ಬಂದು ಹೋಗಲಿ" ಎಂದರು ಡಾಕ್ಟರ್. ನಾನು ತಲೆ ಅಲ್ಲಾಡಿಸಿದೆ, ಮನಸ್ಸಿನಲ್ಲಿ ಮಾತ್ರ ಬೇರೆಯೇ ನಿಶ್ಚಯಿಸಿದ್ದೆ. ನಲವತ್ತು ದಿನ ಬಾಣಂತಿ ಹೊಸ್ತಿಲು ದಾಟಬಾರದು. ಹೊಟ್ಟೆ ಕೊಯ್ದ ಹಸಿ ಬಾಣಂತಿಯನ್ನು ಡೊಂಬಿವಲಿಯಿಂದ ಠಾಣೆಗೆ ಲೋಕಲ್ ಟ್ರೈನಿನಲ್ಲಿ ದಿನಾ ಓಡಾಡಿಸಲಿಕ್ಕೆ ನನಗೇನು ತಲೆ ಕೆಟ್ಟಿದೆಯೇ?

ಇದಕ್ಕೆ ಒಂದು ಕಾರಣ ಇತ್ತು, ಅದನ್ನು ನಾನು ಆವರೆಗೆ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ನನಗೆ ಒಂಬತ್ತು ವರ್ಷ ಇರುವಾಗ ನನ್ನ ಅಕ್ಕ ಹೆತ್ತು ಹದಿನೆಂಟನೇ ದಿನಕ್ಕೆ ಎದ್ದು ಬಟ್ಟೆ ಒಗೆಯಲು ತೋಡಿಗೆ ಹೋದಳು. ಸಂಜೆ ಚಳಿ ಹಿಡಿಯಿತು. ಮರುದಿನ ಜ್ವರದಲ್ಲಿ ಏನೇನೋ ಮಾತಾಡಿದಳು, ನನ್ನನ್ನು ಗುರುತಿಸಲಿಲ್ಲ. ಬಾಣಂತಿ ಸನ್ನಿ ಎಂದರು. ಐದು ದಿನದಲ್ಲಿ ಹೋಗಿಬಿಟ್ಟಳು. ಈಗಿನ ಡಾಕ್ಟರುಗಳು ಅದಕ್ಕೆ ಬೇರೆ ಹೆಸರು ಹೇಳಿಯಾರು, ತೋಡಿನ ಗಾಳಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದೂ ಹೇಳಿಯಾರು. ಆದರೆ ಅಕ್ಕನ ಹಲ್ಲು ಕಟಕಟ ಹೊಡೆಯುತ್ತಿದ್ದ ಸದ್ದು ಕೇಳಿದವಳು ನಾನು. ನನ್ನ ಕೈಯ ಹನ್ನೊಂದು ಬಾಣಂತಿಯರಲ್ಲಿ ಒಬ್ಬಳನ್ನೂ ನಲವತ್ತು ದಿನಕ್ಕೆ ಮುಂಚೆ ಬಾಲ್ಕನಿಗೂ ಬಿಟ್ಟವಳಲ್ಲ.

ನಮ್ಮದು ಒಂದು ಬೆಡ್‌ರೂಮಿನ ಮನೆ. ನನ್ನ ಗಂಡ ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕ್ಯಾಂಟೀನು ನಡೆಸುತ್ತಿದ್ದ ಕಾಲದಲ್ಲಿ ತೆಗೆದದ್ದು. ಅವರು ಹೋಗಿ ಕೆಲವು ವರ್ಷ ಆಯಿತು. ಆ ಬೆಡ್‌ರೂಮನ್ನೇ ಬಾಣಂತಿ ಕೋಣೆ ಮಾಡಿದೆ. ಕಿಟಕಿಯ ಸಂದಿಗೆ ಪೇಪರು ತುರುಕಿದೆ. ಫ್ಯಾನಿನ ಸ್ವಿಚ್ಚಿಗೆ ಟೇಪು ಅಂಟಿಸಿದೆ. ಸೊಸೆಯ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಹೊತ್ತಿಗೆ ಸರಿಯಾಗಿ ಕಷಾಯ, ಕಾಳುಮೆಣಸಿನ ಸಾರು, ಮೆಂತೆ ಗಂಜಿ, ಬೆಳ್ಳುಳ್ಳಿ ಚಟ್ನಿ. ಅವಳು ಪಂಪಿನಿಂದ ಎದೆಹಾಲು ತೆಗೆದು ಆಸ್ಪತ್ರೆಯವರು ಕೊಟ್ಟ ಪುಟ್ಟ ಬಾಟಲಿಗಳಲ್ಲಿ ತುಂಬಿಸಿಡುತ್ತಿದ್ದಳು. ಮಹಾಪೆಯ ಒಂದು ಕಂಪನಿಯಲ್ಲಿ ಎಸಿ ಪ್ಲಾಂಟು ನೋಡಿಕೊಳ್ಳುವ ನನ್ನ ಮಗ ಅದನ್ನು ಐಸ್ ಡಬ್ಬಿಯಲ್ಲಿಟ್ಟು ಬೆಳಿಗ್ಗೆ ಆರಕ್ಕೇ ಹೊರಡುತ್ತಿದ್ದ. ಠಾಣೆಯಲ್ಲಿ ಇಳಿದು ಹಾಲು ಕೊಟ್ಟು, ಮಗುವನ್ನು ಗಾಜಿನ ಈಚೆಯಿಂದ ನೋಡಿ, ವಾಶಿ ಕಡೆಯ ಟ್ರೈನು ಹಿಡಿದು ಕೆಲಸಕ್ಕೆ. ಸಂಜೆ ಬರುವಾಗ ಮತ್ತೆ ಆಸ್ಪತ್ರೆ. ಮುಟ್ಟಲಿಕ್ಕೆ ಅವನಿಗೂ ಹೆದರಿಕೆ. "ಕೈ ಹಾಕಿದ್ರೆ ಮುರಿದೇ ಹೋಗ್ತದೋ ಏನೋ ಅಂತ ಅನ್ನಿಸ್ತದೆ ಅಮ್ಮ" ಎನ್ನುತ್ತಿದ್ದ.

ಮೊದಲ ಮೂರು ನಾಲ್ಕು ದಿನ ಸೊಸೆ ಕೇಳಿದಳು. "ಅತ್ತೆ, ನಾನು ಒಂದ್ಸಲ ಹೋಗಿ ಬರ್ಲಾ? ಬಸ್ ದೇಖ್ ಕೇ ಆ ಜಾವೂಂಗಿ."

"ನೋಡಿದ್ರೆ ಎಂತ ಮಾಡ್ಲಿಕ್ಕುಂಟು ಮಗಾ? ಅಲ್ಲಿ ಡಾಕ್ಟರಿದ್ದಾರೆ, ಸಿಸ್ಟರ್ ಇದ್ದಾರೆ. ನೀನು ಇಲ್ಲಿ ಗಟ್ಟಿ ಆಗು. ನೀನು ಗಟ್ಟಿಯಾದ್ರೆ ಅದೂ ಗಟ್ಟಿ ಆಗ್ತದೆ" ಎಂದೆ. ಮತ್ತೂ ಒಂದು ಮಾತು ಸೇರಿಸಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ನಾಲಿಗೆಯನ್ನು ಕಿತ್ತು ಬಿಸಾಡೋಣ ಅನ್ನಿಸುತ್ತದೆ. "ಈಗಲೇ ಹೆಚ್ಚು ಮಾಯೆ ಹಚ್ಚಿಕೊಳ್ಳಬೇಡ. ಏಳು ತಿಂಗಳಿನದ್ದು. ನಿಲ್ಲುವುದು ಬಿಡುವುದು ದೇವರ ಕೈಲುಂಟು" ಎಂದೆ. ಒಳ್ಳೆಯದಕ್ಕೇ ಹೇಳಿದ್ದು. ಹುಡುಗಿಯ ಮನಸ್ಸು ಒಡೆಯಬಾರದಲ್ಲ ಎಂದು.

ಆಮೇಲೆ ಅವಳು ಕೇಳುವುದನ್ನು ನಿಲ್ಲಿಸಿದಳು. ಹೇಳಿದಾಗ ಉಣ್ಣುತ್ತಿದ್ದಳು, ಹೇಳಿದಾಗ ಮಲಗುತ್ತಿದ್ದಳು, ಗಂಟೆ ನೋಡಿ ಪಂಪು ಹಚ್ಚಿಕೊಳ್ಳುತ್ತಿದ್ದಳು. ನಾನು ಪಕ್ಕದ ಮನೆಯವರೊಡನೆ "ನನ್ನ ಸೊಸೆಯಂಥ ಬಾಣಂತಿಯನ್ನು ನಾನು ನೋಡಿಯೇ ಇಲ್ಲ, ಒಂದು ತಕರಾರಿಲ್ಲ" ಎಂದು ಹೊಗಳಿಕೊಂಡೆ. ಎಂಥ ಪೆದ್ದಿ ನಾನು! ಮಗ ಸಂಜೆ ಮಗುವಿನ ವಿಡಿಯೋ ತೋರಿಸಿದರೆ ಅವಳು ಮೊಬೈಲನ್ನು ಹಿಡಿದು ಎರಡು ಕ್ಷಣ ನೋಡಿ ಕವುಚಿ ಇಡುತ್ತಿದ್ದಳು. ಅದನ್ನು ಕಂಡೂ ನಾನು ಸುಸ್ತು ಎಂದುಕೊಂಡೆ.

ಬಾಟಲಿಯಲ್ಲಿ ಹಾಲು ಇಳಿಯತೊಡಗಿತು. ಮೊದಮೊದಲು ಕುತ್ತಿಗೆಯವರೆಗೆ ಬರುತ್ತಿದ್ದದ್ದು ಅರ್ಧಕ್ಕೆ ಬಂತು, ಅರ್ಧದಿಂದ ತಳಕ್ಕೆ. ನಾನು ಬೆಳ್ಳುಳ್ಳಿ ಜಾಸ್ತಿ ಮಾಡಿದೆ. ಸಬ್ಬಸಿಗೆ ಸೊಪ್ಪು ಹುಡುಕಿ ತಂದೆ. ಪಂಪಿಗೆ ಬೈದೆ. ಕೊನೆಗೆ "ನೀನು ಸರಿ ಉಣ್ಣುವುದಿಲ್ಲ" ಎಂದು ಅವಳಿಗೂ ಬೈದೆ. ಅವಳು ತಟ್ಟೆಯಲ್ಲಿದ್ದದ್ದನ್ನು ಮುಗಿಸಿದಳು.

ಹತ್ತೊಂಬತ್ತನೇ ದಿನ ಸಂಜೆ ಮಗ ಬಂದು ಹೇಳಿದ, "ಅಮ್ಮ, ಮಗುವಿನ ಆಕ್ಸಿಜನ್ ತೆಗೆದ್ರು. ನಾಳೆಯಿಂದ ತಾಯಿಯ ಎದೆಗೆ ಹಾಕ್ಬೇಕಂತೆ. ಬಟ್ಟೆ ಇಲ್ಲದೆ, ಮೈಗೆ ಮೈ ತಾಗಿಸಿ. ಕಾಂಗರೂ ಅಂತ ಏನೋ ಹೇಳ್ತಾರೆ. ಅದು ಬೆಳೀಲಿಕ್ಕೆ ಅದೇ ಮದ್ದಂತೆ."

"ಇನ್ನೂ ಇಪ್ಪತ್ತೊಂದು ದಿನ ಉಂಟು" ಎಂದೆ ನಾನು.

"ಅಮ್ಮ, ಡಾಕ್ಟರ್ ಹೇಳಿದ್ದು."

"ಡಾಕ್ಟರು ಬಾಣಂತನ ಮಾಡಿದ್ದಾರಾ? ನಾಳೆ ಇವಳಿಗೆ ಏನಾದ್ರೂ ಆದ್ರೆ ಡಾಕ್ಟರ್ ಬರ್ತಾರಾ?"

ಅವನು ಹೆಂಡತಿಯ ಕಡೆ ನೋಡಿದ. ಅವಳು ಗೋಡೆ ನೋಡುತ್ತ "ತುಮ್ ದೋನೋ ಡಿಸೈಡ್ ಕರೋ, ನೀವಿಬ್ಬರೇ" ಎಂದಳು, ಯಾರದೋ ಮನೆಯ ವಿಷಯದ ಹಾಗೆ.

ಮರುದಿನ ಬೆಳಿಗ್ಗೆ ಮಗನಿಗೆ ಮೂಗು ಸುರಿಯತೊಡಗಿತು. ಶೀತ ಇದ್ದವರನ್ನು ಆ ಮಹಡಿಯ ಬಾಗಿಲ ಹತ್ತಿರವೂ ಬಿಡುವುದಿಲ್ಲ. ಇದ್ದ ಚೂರು ಹಾಲನ್ನು ಮುಟ್ಟಿಸುವವರು ಯಾರು? ನಾನೇ ಹೊರಟೆ. ಹಾಲು ಕೊಡುವುದು ಒಂದು ನೆಪ. ನಿಜ ಹೇಳಬೇಕೆಂದರೆ ಜಗಳಕ್ಕೇ ಹೊರಟದ್ದು. ಬಾಣಂತಿ ಎಂದರೆ ಏನು, ಅವಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಆ ಆಸ್ಪತ್ರೆಯವರಿಗೆ ಒಂದು ಸಲ ಸರಿಯಾಗಿ ಹೇಳಿ ಬರುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡೆ. ಲೇಡೀಸ್ ಡಬ್ಬದಲ್ಲಿ ಐಸ್ ಡಬ್ಬಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡು ಕೂತಿದ್ದೆ. ದಿವಾ ಸ್ಟೇಷನ್ನಿನಲ್ಲಿ ಹತ್ತಿದ ಒಬ್ಬ ಹೆಂಗಸು "ಅದರಲ್ಲಿ ಏನು ಮಾವಶಿ, ಮೀನಾ?" ಎಂದು ಮರಾಠಿಯಲ್ಲಿ ಕೇಳಿ ನಕ್ಕಳು. "ಮೊಮ್ಮಗಳ ಹಾಲು" ಎಂದೆ. ಅವಳು ಎರಡೂ ಕೈ ಅಡ್ಡ ಇಟ್ಟು ಠಾಣೆಯವರೆಗೆ ಯಾರೂ ನನ್ನನ್ನು ತಳ್ಳದ ಹಾಗೆ ನಿಂತಳು.

ಮಗುವಿನ ವಾರ್ಡಿನ ಸಿಸ್ಟರು ನಾನು ಬಾಯಿ ತೆರೆಯುವ ಮೊದಲೇ ಡಬ್ಬಿ ತೆಗೆದುಕೊಂಡು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಬಾಗಿಲ ಹೊರಗೆ ಫೋನಿನಲ್ಲಿ ನಾನು ಮಗನೊಡನೆ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡಿರಬೇಕು, ಕನ್ನಡದಲ್ಲೇ ಶುರು ಮಾಡಿದಳು. ವಿಜಾಪುರದ ಕಡೆಯವಳಂತೆ.

"ಅಜ್ಜಿ, ಇಷ್ಟ ಹಾಲೇನ್ರಿ? ತಾಯಿ ಎಲ್ಲ್ಯದಾರ? ಬಂದಿಲ್ಲೇನು?"

"ಅವಳು ಬಾಣಂತಿ. ನಲವತ್ತು ದಿನ ಹೊರಗೆ ಬರುವ ಹಾಗಿಲ್ಲ. ಅದನ್ನೇ ಹೇಳ್ಲಿಕ್ಕೆ ಬಂದದ್ದು" ಎಂದೆ, ಸ್ವರ ಏರಿಸಿಯೇ.

ಅವಳಿಗೆ ಸಿಟ್ಟೇ ಬರಲಿಲ್ಲ. ಅದೇ ನನಗೆ ದೊಡ್ಡ ಪೆಟ್ಟು. ಜಗಳಕ್ಕೆ ಎದುರಾಳಿ ಬೇಕಲ್ಲ! "ಆತು ಬಿಡ್ರಿ. ಕೂಸಿಗೆ ಮೈ ಬೇಕು ಇವತ್ತು. ಅವ್ವಂದು ಇಲ್ಲಂದ್ರ ಅಜ್ಜೀದು. ಡಾಕ್ಟರ್‌ಗೆ ಕೇಳಿ ಬರ್ತೀನಿ. ನೀವು ಬಳಿ, ಉಂಗುರ ತಗದು ಮೊಳಕೈ ತನಕ ಸೋಪ್ ಹಚ್ಚಿ ತೊಳಕೊಳ್ರಿ" ಎಂದಳು.

ಹತ್ತು ನಿಮಿಷದಲ್ಲಿ ನನ್ನನ್ನು ಪರದೆ ಎಳೆದ ಮೂಲೆಯಲ್ಲಿ ಒರಗುಕುರ್ಚಿಯ ಮೇಲೆ ಕೂರಿಸಿ, ಬ್ಲೌಸು ತೆಗೆಸಿ, ಮುಂದೆ ತೆರೆದ ಆಸ್ಪತ್ರೆಯ ಗೌನು ತೊಡಿಸಿದರು. ಅರುವತ್ತೆರಡು ವರ್ಷದ ಹೆಂಗಸು ನಾನು, ನಾಚಿಕೆಯಿಂದ ಮೈ ಹಿಡಿಯಾಯಿತು. ಸಿಸ್ಟರು ಗಾಜಿನ ಪೆಟ್ಟಿಗೆಯಿಂದ ವೈರು, ನಳಿಗೆಗಳ ಸಮೇತ ಮಗುವನ್ನು ಎತ್ತಿ ತಂದು ನನ್ನ ಎದೆಯ ನಡುವೆ ಕಪ್ಪೆಯ ಹಾಗೆ ಕೈಕಾಲು ಮಡಚಿ ಇಟ್ಟಳು.

ಎಷ್ಟೋ ಮಕ್ಕಳನ್ನು ಕಾಲ ಮೇಲೆ ಹೊರಳಾಡಿಸಿ ಮೀಯಿಸಿದ ಈ ಕೈಗಳಿಗೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಭಾರವೇ ಇಲ್ಲ. ಹಣೆಯ ಮೇಲೆ, ಭುಜದ ಮೇಲೆ ನಯವಾದ ಕೂದಲು. ಚರ್ಮದ ಅಡಿಯಲ್ಲಿ ನೀಲಿ ನರ ಕಾಣುತ್ತಿತ್ತು. ಕಿವಿ ಬಟ್ಟೆಯ ತುಂಡಿನ ಹಾಗೆ ಮಡಚಿಕೊಂಡಿತ್ತು; ಸಿಸ್ಟರು ಬೆರಳಿನಿಂದ ಬಿಡಿಸಿದರೂ ತಾನಾಗಿ ನಿಲ್ಲಲಿಲ್ಲ. "ಇನ್ನೂ ಹೊಟ್ಟ್ಯಾಗ ಇರಬೇಕಾದ ಕೂಸ್ರಿ ಇದು. ಉಸಿರಾಡೂದು, ಚೀಪೂದು, ನುಂಗೂದು, ಮೂರೂ ಒಮ್ಮೆಲೇ ಮಾಡಾಕ ಬರೂದಿಲ್ಲ ಇದಕ್ಕ. ಒಂದೊಂದ ಕಲೀಬೇಕು. ಕೆಲವೊಮ್ಮೆ ಉಸಿರಾಡೂದ ಮರತ ಬಿಡ್ತೈತಿ. ಯಾರದರ ಎದಿ ಏರಿ ಇಳಿಯೂದು ಗೊತ್ತಾದ್ರ ತಾನೂ ನೆನಪ ಮಾಡ್ಕೊಂತೈತಿ" ಎಂದಳು.

ಈಗ ಆ ಮೊಮ್ಮಗಳು ನರ್ಸರಿಗೆ ಹೋಗುತ್ತಾಳೆ, ಮಹಾ ಬಾಯಿಬಡುಕಿ. ಕೂತದ್ದು, ನಿಂತದ್ದು, ನಡೆದದ್ದು ಎಲ್ಲ ತಡವೇ ಆಯಿತು. ಬಿಲ್ಡಿಂಗಿನವರು "ಇನ್ನೂ ನಡೀತಿಲ್ವಾ?" ಎಂದು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹುಟ್ಟಿದ ದಿನದಿಂದ ಲೆಕ್ಕ ಹಾಕಬೇಡಿ, ಹುಟ್ಟಬೇಕಾಗಿದ್ದ ದಿನದಿಂದ ಹಾಕಿ ಎಂದು ಡಾಕ್ಟರ್ ಹೇಳಿಕೊಟ್ಟಿದ್ದರು, ನಾನು ಅದನ್ನೇ ಎಲ್ಲರ ಮುಖಕ್ಕೆ ಹೇಳುತ್ತಿದ್ದೆ. ಆದರೆ ಇದೆಲ್ಲ ಆಮೇಲಿನ ಮಾತು. ಆ ದಿನ ಆ ಕುರ್ಚಿಯಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೇ, ನನ್ನ ಎದೆಯ ಮೇಲೆ ಒಂದು ಜೀವ ಇದೆ, ಅದು ಬೆಚ್ಚಗಾಗುತ್ತಿದೆ.

ಅರ್ಧ ಗಂಟೆ ಕಳೆದಿರಬೇಕು. ಮಗು ತಲೆ ಅಲ್ಲಾಡಿಸಿತು. ಬಾಯಿ ತೆರೆದು ಆಚೆ ಈಚೆ ಮೂತಿ ತಿರುಗಿಸಿ, ನನ್ನ ಚರ್ಮಕ್ಕೆ ಬಾಯಿ ಹಚ್ಚಿ ಹುಡುಕತೊಡಗಿತು. ಇಷ್ಟು ಪುಟ್ಟದ್ದಕ್ಕೆ ಅಷ್ಟು ಆಸೆ! ಒಂದು ಕಡೆ ಹುಡುಕಿ ಸಿಕ್ಕದೆ, ದಣಿದು, ಸ್ವಲ್ಪ ಸುಮ್ಮನಿದ್ದು, ಮತ್ತೆ ಹುಡುಕಿತು.

"ಇಲ್ಲ ಮಗಾ, ಇಲ್ಲಿ ಎಂತದೂ ಇಲ್ಲ" ಎಂದೆ.

ಸಿಸ್ಟರು ಪಕ್ಕದಲ್ಲೇ ನಿಂತು ಏನೋ ಬರೆದುಕೊಳ್ಳುತ್ತಿದ್ದಳು. "ನೋಡ್ರಿ ಅಜ್ಜಿ, ಇವತ್ತ ಹುಡುಕಾಕ ಸುರು ಮಾಡೇತಿ. ಹುಡುಕೋ ಹೊತ್ತಿಗೆ ಅವ್ವ ಇರಬೇಕ್ರಿ. ಹಾಲು ಕಮ್ಮಿ ಆಗೂದಕ್ಕ ಊಟ ಕಾರಣ ಅಲ್ಲ. ನಿಮ್ಮನ್ಯಾಗ ದನ ಇದ್ದವೇನ್ರಿ? ಕರಾ ಮುಂದ ಬಿಡಲಿಲ್ಲಂದ್ರ ಆಕಳಾ ಹಾಲು ಬಿಡ್ತಿತ್ತೇನು?"

ದನ ಇದ್ದವೇನು ಎಂದು ನನ್ನನ್ನು ಕೇಳುತ್ತಾಳೆ! ಹತ್ತನೇ ವರ್ಷದಿಂದ ಮದುವೆಯ ದಿನದವರೆಗೆ ಎರಡು ಹೊತ್ತು ಹಾಲು ಕರೆದವಳು ನಾನು. ಮೊದಲು ಕರುವನ್ನು ಬಿಡಬೇಕು, ಹಸು ಅದನ್ನು ನೆಕ್ಕಬೇಕು, ಆಮೇಲೆ ಕೆಚ್ಚಲಿಗೆ ಕೈ. ಇದು ನನಗೆ ಯಾರೂ ಕಲಿಸಬೇಕಾದ ವಿಷಯವಲ್ಲ. ಹಸುವಿಗೆ ತಿಳಿದು ಮಾಡಿದ್ದನ್ನು ನಾನು ಸೊಸೆಗೆ ಮಾಡಲಿಲ್ಲ. ಹದಿನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿ, ಬೆಳ್ಳುಳ್ಳಿ ತಿನ್ನಿಸಿ, ಹಾಲು ಬರಲಿಲ್ಲವೆಂದು ಬೈದೆನಲ್ಲ. ನನ್ನ ಕಣ್ಣೀರು ಮಗುವಿನ ಟೊಪ್ಪಿಯ ಮೇಲೆ ಬೀಳಬಾರದೆಂದು ಮುಖ ಮೇಲೆತ್ತಿ ಹಿಡಿದುಕೊಂಡೆ.

ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಕಳಚುವ ಮೊದಲೇ ಬಾಣಂತಿ ಕೋಣೆಗೆ ನುಗ್ಗಿ "ಮಗಾ, ಒಂದು ಗಂಟೆ ನನ್ನ ಎದೆ ಮೇಲೆ ಮಲಗಿತ್ತು ನೋಡು! ಎಷ್ಟು ಬೆಚ್ಚಗೆ! ಹಾಲು ಹುಡುಕಿತು! ನಾಳೆ ನೀನು ಬರ್ಬೇಕು, ಬಾಣಂತನ ಹೋಗಲಿ ಹಾಳಾಗಿ" ಎಂದು ಒಂದೇ ಉಸಿರಿಗೆ ಒದರಿಬಿಟ್ಟೆ.

ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದ ರಕ್ತ ಇಳಿದುಹೋಯಿತು.

"ನೀವು ಎತ್ಕೊಂಡ್ರಾ?" ಎಂದಳು. "ಪೆಹಲೇ ಆಪ್? ನನಗಿಂತ ಮೊದಲು?"

ನಾನು ಕಾಲಿನ ಚಪ್ಪಲಿ ಕಳಚತೊಡಗಿದೆ.

"ಮೇರಿ ಬಚ್ಚಿ ಹೈ ನಾ ವೋ, ಅತ್ತೆ? ನನ್ನ ಮಗು ಅಲ್ವಾ? ಇಪ್ಪತ್ತು ದಿನದಿಂದ ನಾನು ಮೊಬೈಲ್‌ನಲ್ಲಿ ನೋಡ್ತಿದ್ದೀನಿ. ಬೋಟ್ ಭೀ ನಹೀ ಲಗಾಯಾ, ಒಂದು ಬೆರಳು ಮುಟ್ಟಿಸಿಲ್ಲ. ನೀವು ಹೇಳಿದ್ರಿ ಮಾಯೆ ಹಚ್ಕೋಬೇಡ ಅಂತ. ನಾನು ಹಚ್ಕೊಳ್ಳಿಲ್ಲ. ಈಗ ನೀವು ಎದೆ ಮೇಲೆ ಮಲಗಿಸ್ಕೊಂಡು ಬಂದು ನನಗೆ ಹೇಳ್ತೀರಾ!" ತಲೆಗೆ ಕಟ್ಟಿದ್ದ ಬಟ್ಟೆಯನ್ನು ಕಿತ್ತು ಎಸೆದಳು. ಕಿವಿಯ ಹತ್ತಿ ಎಸೆದಳು. ಹೊರಗೆ ಮೂಗು ಒರೆಸುತ್ತಿದ್ದ ಮಗ ಓಡಿಬಂದು ಬಾಗಿಲಲ್ಲೇ ನಿಂತ. ಮದುವೆಯಾಗಿ ನಾಲ್ಕು ವರ್ಷದಲ್ಲಿ ಆ ಹುಡುಗಿ ನನಗೆ ಒಂದು ಎದುರು ಮಾತು ಆಡಿದವಳಲ್ಲ.

ನಾನು ಬಾಯಿಗೆ ಬಂದದ್ದು ಹೇಳುವವಳು, ನಿಜ. ಆದರೆ ಒಂದು ಮಾತು ಮಾತ್ರ ನನ್ನ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ. ಗಂಡನಿಗೂ ಹೇಳಿದವಳಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು ಅದನ್ನು ಹೇಳಿದೆ. "ತಪ್ಪಾಯ್ತು ಮಗಾ. ನನ್ನದೇ ತಪ್ಪು." ಆಮೇಲೆ ಅಕ್ಕನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮಗನಿಗೂ ಅದು ಹೊಸದು. "ನಿನ್ನ ಮುಖ ಬಾತದ್ದು ನೋಡಿದಾಗಿನಿಂದ ನನಗೆ ಅವಳೇ ಕಾಣ್ತಿದ್ದಳು. ನಿನ್ನನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ನಿನ್ನ ಮಗುವಿನಿಂದಲೇ ನಿನ್ನನ್ನು ದೂರ ಇಟ್ಟೆ" ಎಂದೆ.

ಬಹಳ ಹೊತ್ತು ಅವಳು ಅತ್ತಳು. ಆಮೇಲೆ ತಣ್ಣಗೆ ಹೇಳಿದ ಮಾತು ಬೈದದ್ದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿತು. "ಅತ್ತೆ, ನಾನು ಬರಲ್ಲ. ಮಲಾ ನಕೋ, ಬೇಡ ನನಗೆ. ವಿಡಿಯೋ ನೋಡಿದ್ರೆ ನನಗೆ ಏನೂ ಅನ್ನಿಸೋದೇ ಇಲ್ಲ. ಅದು ಯಾರದೋ ಮಗು ಅನ್ನಿಸ್ತದೆ. ಅಲ್ಲಿ ಹೋಗಿ, ಎತ್ಕೊಂಡು, ಆಗಲೂ ಏನೂ ಅನ್ನಿಸದೇ ಇದ್ರೆ?"

ಇದಕ್ಕೆ ನನ್ನ ಯಾವ ಕಷಾಯದಲ್ಲೂ ಮದ್ದಿರಲಿಲ್ಲ. "ಅನ್ನಿಸದಿದ್ರೆ ಬೇಡ. ಹಾಲಿನ ಡಬ್ಬಿ ಕೊಟ್ಟು ಬರುವ. ನಾನು ಜೊತೆಗೆ ಇರ್ತೇನೆ" ಎಂದೆ.

ಮರುದಿನ ಮಗ ಕಾರು ಬುಕ್ ಮಾಡಿಕೊಟ್ಟ. ಹಳೆಯ ಚಟ ಹೋಗುತ್ತದೆಯೇ? ಗಾಳಿ ತಾಗಬಾರದೆಂದು ಕಿಟಕಿ ಏರಿಸಿ ಎಂದೆ, ತಂಪು ಬೇಡವೆಂದು ಎಸಿಯನ್ನೂ ಬಂದ್ ಮಾಡಿಸಿದೆ. ಶಿಳಫಾಟಾದ ಜಾಮಿನಲ್ಲಿ ಡ್ರೈವರ್ ಬೆವರು ಒರೆಸಿಕೊಳ್ಳುತ್ತ "ಆಜಿ, ಆಪ್ ಮುಝೇ ಇಡ್ಲಿ ಬನಾ ರಹೀ ಹೈಂ ಕ್ಯಾ?" ಎಂದ, ತನ್ನನ್ನೇ ಇಡ್ಲಿಯ ಹಾಗೆ ಬೇಯಿಸುತ್ತಿದ್ದೀರಾ ಎಂದು. ಸೊಸೆ ನಕ್ಕಳು. ಇಪ್ಪತ್ತೊಂದು ದಿನದಲ್ಲಿ ಮೊದಲ ಸಲ. ಅವಳೇ ತನ್ನ ಕಡೆಯ ಕಿಟಕಿಯನ್ನು ಇಳಿಸಿದಳು, ನಾನು ಸೆರಗನ್ನು ನನ್ನ ಕಿವಿಗೇ ಸುತ್ತಿಕೊಂಡೆ. ಮುಂಬ್ರಾ ಬೈಪಾಸ್ ದಾಟಿ ಠಾಣೆ ಹತ್ತಿರವಾದಂತೆ ಅವಳ ಕೈ ತಣ್ಣಗಾಗುತ್ತಾ ಬಂತು.

ವಾರ್ಡಿನಲ್ಲಿ ಅದೇ ಮೂಲೆ, ಅದೇ ಕುರ್ಚಿ. ಸಿಸ್ಟರು "ಬರ್ರಿ ಅವ್ವಾರ, ನಿಮ್ಮ ದಾರಿ ಕಾಯಾಕತ್ತಿದ್ವಿ" ಎಂದು ಕೂರಿಸಿ, ಗೌನು ಸರಿಸಿ, ಮಗುವನ್ನು ಅವಳ ಎದೆಯ ಮೇಲೆ ಇಟ್ಟಳು. ಸೊಸೆ ಕಟ್ಟಿಗೆಯ ಹಾಗೆ ಕೂತಳು. ಎರಡು ಕೈಯನ್ನೂ ಗಾಳಿಯಲ್ಲಿ ಹಿಡಿದಿದ್ದಾಳೆ, ಮಗುವಿಗೆ ತಾಗಿಸುತ್ತಿಲ್ಲ. ಕಣ್ಣು ಛಾವಣಿಯ ಮೇಲೆ. ನಾನು ಎದುರು ನಿಂತು ಮನಸ್ಸಿನಲ್ಲೇ ಊರಿನ ದೈವದೇವರುಗಳನ್ನೆಲ್ಲ ಕರೆದೆ.

ಐದು ನಿಮಿಷ ಆಯಿತೋ ಇಲ್ಲವೋ, ಪಕ್ಕದ ಮಿಷನ್ನು ಕೂಗತೊಡಗಿತು. ತೊಂಬತ್ತೈದು ಇದ್ದ ಆಕ್ಸಿಜನ್ ನಂಬರು ಎಂಬತ್ತೈದು, ಎಪ್ಪತ್ತೆಂಟು ಎಂದು ಇಳಿಯಿತು. ಮಗು ಉಸಿರಾಡುವುದನ್ನು ಮರೆತಿತ್ತು. ತುಟಿಯ ಬಣ್ಣ ತಿರುಗಿತು.

"ತಗೊಳ್ಳಿ! ಅತ್ತೆ, ನೀವು ತಗೊಳ್ಳಿ! ನನ್ನಿಂದ ಆಗಲ್ಲ!" ಸೊಸೆ ಕಿರುಚಿದಳು.

ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅಷ್ಟು ಮಕ್ಕಳನ್ನು ಎತ್ತಿದ ಕೈ, ಯಾರನ್ನು ಕೇಳುತ್ತದೆ? ಮಗುವಿಗೆ ಒಂದು ಗೇಣು ದೂರದಲ್ಲಿ ಅದನ್ನು ತಡೆದೆ. ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿ ನಿಂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

ಸಿಸ್ಟರೂ ಎತ್ತಿಕೊಳ್ಳಲಿಲ್ಲ. ಅವಳು ಸೊಸೆಯ ಬಲಗೈಯನ್ನು ಹಿಡಿದು ಮಗುವಿನ ಬೆನ್ನ ಮೇಲೆ ಇಟ್ಟಳು. "ಹೆದರಬ್ಯಾಡ್ರಿ, ನಾ ಇಲ್ಲೇ ಅದೀನಿ. ಬೆನ್ನ ತಿಕ್ರಿ. ಇನ್ನಷ್ಟು ಜೋರಾಗಿ. ಕರೀರಿ ಅದನ್ನ."

ಸೊಸೆ ತಿಕ್ಕಿದಳು. ಮೊದಲು ಎರಡು ಬೆರಳಿನಿಂದ, ಆಮೇಲೆ ಇಡೀ ಅಂಗೈಯಿಂದ. "ಶ್ವಾಸ್ ಘೇ" ಎಂದಳು. "ಶ್ವಾಸ್ ಘೇ ನಾ ರಾಣಿ, ಉಸಿರಾಡು, ಏಯ್, ಉಸಿರಾಡೇ, ಮಮ್ಮಾ ಇಲ್ಲಿದ್ದೀನಿ, ಮೀ ಆಹೇ ನಾ ಇಥೇ..." ತನಗೆ ಗೊತ್ತಿದ್ದ ಭಾಷೆಗಳನ್ನೆಲ್ಲ ಕಲಸಿ ಕರೆದಳು. ಎಡಗೈ ಯಾವಾಗ ಮಗುವಿನ ಪೃಷ್ಠದ ಅಡಿಗೆ ಹೋಗಿ ಆಧಾರ ಹಿಡಿಯಿತೋ ಅವಳಿಗೇ ಗೊತ್ತಿರಲಿಲ್ಲ. ಮಗು ಒಮ್ಮೆ ಮೈ ಅದುರಿಸಿ ಬಿಕ್ಕಿತು, ಬೆಕ್ಕಿನ ಮರಿಯ ಸದ್ದಿನಷ್ಟು ಅತ್ತಿತು. ಎಂಬತ್ತೆರಡು. ತೊಂಬತ್ತು. ತೊಂಬತ್ತಾರು. ಮಿಷನ್ನು ಸುಮ್ಮನಾಯಿತು.

ಸೊಸೆಯ ಗೌನಿನ ಮೇಲೆ ಎರಡು ಕಡೆ ಒದ್ದೆ ಹರಡುತ್ತಿತ್ತು. ಮೊದಲು ನಾನು ಬೆವರು ಎಂದುಕೊಂಡೆ. ಸಿಸ್ಟರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಾಗ ಅದು ಹಾಲು ಎಂದು ತಿಳಿಯಿತು. ಸೊಸೆಗೆ ಅದು ಯಾವುದರ ಪರಿವೆಯೂ ಇರಲಿಲ್ಲ. ಗಲ್ಲವನ್ನು ಮಗುವಿನ ನೆತ್ತಿಗೆ ತಾಗಿಸಿ, ಕಣ್ಣು ಮುಚ್ಚಿ, ಅದರ ವಾಸನೆಯನ್ನು ಎಳೆದುಕೊಳ್ಳುತ್ತಿದ್ದಳು.

ನಾನು ಇನ್ನೂ ಹತ್ತಿರ ಹೋದೆ. ಟೊಪ್ಪಿ ಸ್ವಲ್ಪ ಓರೆಯಾಗಿತ್ತು, ಸರಿಮಾಡೋಣ ಎಂದು. ತಲೆಯನ್ನು ಇನ್ನೊಂಚೂರು ಈ ಕಡೆ ತಿರುಗಿಸಬೇಕು ಎಂದು ಹೇಳಲು ಬಾಯಿಯನ್ನೂ ತೆರೆದಿದ್ದೆ.

"ಅತ್ತೆ" ಎಂದಳು ಸೊಸೆ, ಮುಖ ಎತ್ತದೆ. "ನೀವು ಸ್ವಲ್ಪ ಹೊರಗೆ ಕೂತ್ಕೊಳ್ತೀರಾ? ಹಮ್ ದೋನೋ ರಹೇಂಗೇ ಥೋಡೀ ದೇರ್. ನಾವಿಬ್ಬರೇ."

ಆಗಲಿ ಎಂದು ಹೊರಗೆ ಬಂದು ಬಾಗಿಲ ಪಕ್ಕದ ಸ್ಟೀಲಿನ ಬೆಂಚಿನ ಮೇಲೆ ಕೂತೆ. ಮೊದಲು ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಬಾಗಿಲು ತೆರೆದಾಗಲೆಲ್ಲ ಕತ್ತು ಉದ್ದ ಮಾಡಿ ನೋಡಿದೆ. ಮಿಷನ್ನಿನ ಸದ್ದು ಕೇಳಿದರೆ ಏಳುವುದು, ಅದು ನಿಂತರೆ ಕೂರುವುದು. ಆಮೇಲೆ ಏಳುವುದನ್ನೂ ಬಿಟ್ಟೆ. ಎರಡೂವರೆ ಗಂಟೆ ಹಾಗೆ ಕೂತಿದ್ದೆ. ಒಳಗಿನಿಂದ ಯಾರೂ ನನ್ನನ್ನು ಕರೆಯಲಿಲ್ಲ. ಯಾರೂ ಕರೆಯಲಿಲ್ಲವೆಂದು ನಾನು ಸಂತೋಷದಿಂದ ಅತ್ತದ್ದು ಅದೊಂದೇ ಸಲ.